ನಾನು ಹೆಣವಾದ ರವಿವಾರ

ನಾನು ಒಮ್ಮೆ ಸತ್ತಿದ್ದೇನೆ. ಬೀದರಿನ ಒಂದು ಹಳೆಯ ಹವೇಲಿಯಲ್ಲಿ, ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಪ್ಪತ್ತೆರಡು ಮಂದಿಯ ಮುಂದೆ. ಅದಕ್ಕೆ ಕೂಲಿ ಎಂದು ಎರಡು ದಿನ ಬಕೆಟ್ ತುಂಬ ನೀರಿನ ಸ್ನಾನ ಸಿಕ್ಕಿತು. ಇದನ್ನು ಬಾಯಲ್ಲಿ ಹೇಳಹೊರಟರೆ ಮನೆಯವರು ನಡುವೆಯೇ ನಕ್ಕು ಎದ್ದು ಹೋಗುತ್ತಾರೆ. ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುವುದನ್ನು ಕಲಿತಿದ್ದೇನೆ. ಒತ್ತುವಾಗ ಯಾರೂ ಬಾಯಿ ಹಾಕುವುದಿಲ್ಲ ಎಂಬುದೇ ಇದರ ಸುಖ.

ಮಳೆ ಸತತ ಮೂರು ವರ್ಷ ಕೈಕೊಟ್ಟ ಕಾಲ ಅದು. ಬೀದರಿಗೆ ಹತ್ತಿಕೊಂಡ ಚಿದ್ರಿಯ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಮೊದಲ ವರ್ಷ ಕೆಲವರು ಕಟ್ಟಡ ಕೆಲಸಕ್ಕೆ ಪುಣೆಗೆ ಹೋದರು, ಮರುವರ್ಷ ಇನ್ನಷ್ಟು ಮಂದಿ ಹೈದರಾಬಾದಿಗೆ. ಬಾಗಿಲಿಗೊಂದು ಬೀಗ ಬೀಳುತ್ತ ಬಂತು. ಮೂರನೆಯ ವರ್ಷ ಓಣಿಯ ನಮ್ಮ ತುದಿಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಎದುರುಮನೆಯಾಕೆ.

ನಾನು ಭಾಲ್ಕಿ ಕಡೆಯವಳು, ಆಕೆ ಔರಾದ ಕಡೆಯವಳು. ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಇಬ್ಬರ ಗಂಡಂದಿರೂ ಹಿಂದುಮುಂದಾಗಿ ತೀರಿಕೊಂಡರು. ವಯಸ್ಸಿನಲ್ಲಿ ನಾನು ಒಂದೆರಡು ವರ್ಷ ದೊಡ್ಡವಳೆಂದು ಆಕೆ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಆಕೆಗೆ ಎರಡು ಕೆಲಸದಲ್ಲಿ ಹೆಸರು. ಒಂದು ಜೋಳದ ರೊಟ್ಟಿ; ಹಪ್ಪಳದಷ್ಟು ತೆಳುವಾಗಿ ಬಡಿದು, ಕೊನೆಗೆ ಅಂಚಿನ ಮೇಲೆ ಹೆಬ್ಬೆರಳಿನದೊಂದು ಗುರುತು ಒತ್ತುವಳು. ಇನ್ನೊಂದು, ಅಳುವುದು. ನಮ್ಮ ಕಡೆ ಸತ್ತವರ ಮುಂದೆ ಹೆಣ್ಣುಮಕ್ಕಳು ಸುಮ್ಮನೆ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನೇ ಎದುರಿಗೆ ಇಟ್ಟುಕೊಂಡು, ಅವರ ಒಳ್ಳೆಯದು ಕೆಟ್ಟದ್ದು, ಹಿಂದಿನ ಜಗಳ, ತಿಂದ ಹೋಳಿಗೆ ಎಲ್ಲ ಎತ್ತಿ ಆಡುತ್ತ ಅಳಬೇಕು. ಔರಾದಿನ ಹೆಣ್ಣುಮಕ್ಕಳು ಅದರಲ್ಲಿ ಎತ್ತಿದ ಕೈ. ಓಣಿಯಲ್ಲಿ ಯಾರು ಸತ್ತರೂ ಮೊದಲು ಆಕೆಯನ್ನು ಕರೆಯುತ್ತಿದ್ದರು, ಆಮೇಲೆ ಚಟ್ಟಕ್ಕೆ ಬಿದಿರು ತರಲು ಹೋಗುತ್ತಿದ್ದರು.

ಅಂಥವಳ ಜೊತೆ ನಾನು ಏಳು ತಿಂಗಳಿಂದ ಮಾತಾಡಿರಲಿಲ್ಲ. ತಪ್ಪು ನನ್ನದೇ.

ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಬೆಳಗಾಗುತ್ತಲೇ ರಸ್ತೆಯಂಚಿಗೆ ಕೊಡಗಳನ್ನು ಸಾಲಾಗಿಟ್ಟು ಎಲ್ಲರೂ ಒಳಗೆ ಹೋಗುತ್ತಿದ್ದೆವು. ಕೊಡವೇ ನಮ್ಮ ಪರವಾಗಿ ನಿಲ್ಲುತ್ತಿತ್ತು. ಒಂದು ದಿನ ನನ್ನ ಕೈ ಸುಮ್ಮನಿರಲಿಲ್ಲ. ಆಕೆಯ ಕೊಡವನ್ನು ಎತ್ತಿ ಸಾಲಿನ ಕಟ್ಟಕಡೆಗೆ ಇಟ್ಟು ಮರೆಯಲ್ಲಿ ನಿಂತೆ. ಬಂದು ನೋಡಿ ಬೈಯಲಿ, ಔರಾದಿನ ಬೈಗುಳ ಕೇಳದೆ ಬಹಳ ದಿನವಾಯಿತು ಎಂಬಷ್ಟೇ ಆಸೆ. ಆಮೇಲೆ ಮತ್ತೆ ಮುಂದೆ ಇಡುವವಳಿದ್ದೆ. ಅಷ್ಟರಲ್ಲಿ ಟ್ಯಾಂಕರ್ ಹೊತ್ತಿಗೆ ಮುಂಚೆ ಬಂತು. ನಾಲ್ಕು ಓಣಿಯ ಹೆಂಗಸರು ಮುಗಿಬಿದ್ದರು. ಆಕೆಯ ಕೊಡದವರೆಗೆ ನೀರು ಬರಲೇ ಇಲ್ಲ.

ಅವತ್ತೇ ಮಧ್ಯಾಹ್ನ ಆಕೆಯ ಮನೆಗೆ ಕಮಠಾಣದಿಂದ ಮಗಳ ಅತ್ತೆ ಮಾವ ಬಂದರು. ಕೈಕಾಲು ತೊಳೆಯಲು ಬೀಗರಿಗೆ ಕೊಡಲು ಮನೆಯಲ್ಲಿ ಒಂದು ತಂಬಿಗೆ ನೀರಿರಲಿಲ್ಲ. ಬೀಗತಿ ಏನೋ ಅಂದಳಂತೆ. ಸಂಜೆ ಆಕೆ ನನ್ನ ಬಾಗಿಲಿಗೆ ಬಂದು ಕೇಳಿದಳು, "ಅಕ್ಕಾ, ನನ್ನ ಕೊಡ ಯಾರ ಸರಿಸ್ಯಾರ?"

"ನನಗೇನ ಗೊತ್ತವ್ವಾ," ಎಂದೆ.

ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೋದಳು. ಅದೇ ಕೊನೆಯ ಮಾತು. ಮೊದಮೊದಲು ಇಬ್ಬರೂ ಓಣಿಯ ಬೆಕ್ಕಿಗೆ ಹೇಳುವಂತೆ ಒಬ್ಬರಿಗೊಬ್ಬರು ಅಂದುಕೊಳ್ಳುತ್ತಿದ್ದೆವು. "ನೋಡಲೇ ಬೆಕ್ಕ, ಕೆಲವು ಮಂದಿ ತಮ್ಮ ಕಸ ನಮ್ಮ ಬಾಗಿಲಿಗಿ ದೂಕ್ತಾರ," ಎಂದು ಆಕೆ, "ಬೆಕ್ಕೇ, ಕಸಾ ಇರಬೇಕಂದ್ರ ಮನ್ಯಾಗ ಮಂದಿ ಇರಬೇಕವ್ವಾ," ಎಂದು ನಾನು. ಆಮೇಲೆ ಬೆಕ್ಕೂ ಎಲ್ಲೋ ಹೋಯಿತು. ಆಕೆ ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಸೀನಿದರೆ ಆಕೆಗೆ. ಇಡೀ ದಿನ ಅಷ್ಟೇ ಸದ್ದು. "ನಾನೇ ಸರಿಸಿದ್ದೆ" ಎಂಬ ಎರಡು ಮಾತನ್ನು ಬಾಯೊಳಗೆ ಇಟ್ಟುಕೊಂಡು ನಾನು ಏಳು ತಿಂಗಳು ಬದುಕಿದೆ. ಈ ನಡುವೆ ನನ್ನ ಬೀಸುಕಲ್ಲಿನ ಗೂಟವೂ ಕಳೆದುಹೋಯಿತು. ಹಿಡಿದು ತಿರುಗಿಸುವ ಕಟ್ಟಿಗೆಯ ಹಿಡಿಕೆ ಅದು. ಅದಿಲ್ಲದೆ ಬೀಸುಕಲ್ಲು ಬರೀ ಕಲ್ಲು. ಇಲಿ ಒಯ್ದಿರಬೇಕು ಎಂದುಕೊಂಡೆ.

ಆಗ ಬಂದವಳು ಮೊಮ್ಮಗಳು, ನನ್ನ ಮಗಳ ಮಗಳು. ಕೋಟೆಯ ದಾರಿಯಲ್ಲಿ ನಿಜಾಮರ ಕಾಲದ ಜಮೀನ್ದಾರರ ಹವೇಲಿಯೊಂದನ್ನು ಹೋಟೆಲ್ ಮಾಡಿದ್ದರು. ಅಲ್ಲಿಯೇ ಉಳಿದು ಕೆಲಸ ಮಾಡುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಆಯಿ, ಬರೂ ರವಿವಾರ ಸಾಯ್ತಿ ಏನ?"

"ಯಾಕ, ನಿನಗ ಅವಸರ ಅದ ಏನ?"

"ಆಟದಾಗ ಆಯಿ! ಊರೂರಿಂದ ಮಂದಿ ಬಂದು ಶನಿವಾರ ರವಿವಾರ ನಮ್ಮ ಹೋಟೆಲ್‌ದಾಗ ಇರ್ತಾರ. ಹವೇಲಿ ಒಡತಿ, ದೊಡ್ಡ ಬಾಯಿ ಅಂತಾರ, ಆಕಿದು ಕೊಲಿ ಆಗ್ತದ. ಯಾರ ಮಾಡ್ಯಾರ ಅಂತ ಅವರು ಪತ್ತಾ ಹಚ್ಚಬೇಕು. ದೊಡ್ಡ ಬಾಯಿ ಆಗೂ ನಟಿಗಿ ಜ್ವರ ಬಂದಾವ."

"ಮಾತ ಎಷ್ಟ ಅವ?"

"ಶನಿವಾರ ಮೂರು. ರವಿವಾರ ಒಂದೂ ಇಲ್ಲ, ಸುಮ್ನ ಬಿದ್ದಿರಬೇಕು."

"ಶನಿವಾರ ನಡೀತದ. ರವಿವಾರದ್ದ ಕಷ್ಟ."

"ಆಯಿ, ಇದು ನನ್ನ ಐಡಿಯಾ. ಚಂದ ಆದ್ರ ಮಾಲಕರು ನನ್ನ ಪಕ್ಕಾ ಮಾಡ್ಕೋತಾರ. ಇಲ್ಲಂದ್ರ ನಾನೂ ಪುಣೆ ಗಾಡಿ ಹತ್ತೂದೆ." ಸ್ವಲ್ಪ ತಡೆದು ಹೇಳಿದಳು, "ಅಲ್ಲಿ ಬೋರಿನ್ಯಾಗ ಇನ್ನಾ ನೀರ ಅದ. ಎರಡೂ ದಿನ ನಿನಗ ಒಂದೊಂದ ಬಕೆಟ್ ನೀರು. ಬಿಸಿದು."

ಸಾಯಲು ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಹವೇಲಿಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಆ ತುಂಬಿದ ಬಕೆಟ್ಟನ್ನು ಬಹಳ ಹೊತ್ತು ನೋಡುತ್ತ ಕೂತೆ. ಎರಡು ತಂಬಿಗೆಯಲ್ಲಿ ಮೈ ತೊಳೆದು ರೂಢಿಯಾಗಿತ್ತು. ಮೊದಲ ಚೊಂಬು ಹಾಕಿಕೊಂಡಾಗ ಬೆನ್ನ ಮೇಲಿಂದ ಇಳಿದ ನೀರು ಮೋರಿಗೆ ಓಡಿತು. ನನಗೆ ಕಾಲಿನಿಂದ ಅಡ್ಡ ಹಾಕಬೇಕು ಅನಿಸಿತು. ಈ ಬಕೆಟ್ಟನ್ನು ಹೊತ್ತುಕೊಂಡು ಹೋಗಿ ಎದುರುಮನೆಯ ಬಾಗಿಲಲ್ಲಿ ಇಟ್ಟು ಬಂದರೆ ಹೇಗೆ ಎಂದೂ ಅನಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಜೋಳದ ರೊಟ್ಟಿ ಬಂತು. ತೆಳು. ಅಂಚಿನಲ್ಲಿ ಹೆಬ್ಬೆರಳಿನ ಗುರುತು. ನಾನು ಆ ಗುರುತಿನ ಮೇಲೆ ನನ್ನ ಹೆಬ್ಬೆರಳು ಇಟ್ಟು ನೋಡಿದೆ.

"ಈ ರೊಟ್ಟಿ ಯಾರ ಬಡದಾರ?"

"ನಿನ್ನ ಎದುರುಮನಿ ದೊಡ್ಡವ್ವನೇ ಆಯಿ. ವಾರಕ್ಕ ಎರಡು ದಿನ ತಂದ ಕೊಡ್ತಾಳ. ನಾಳಿಗಿ ಕಡೀದು. ಮಂಗಳವಾರ ಪುಣೆಕ್ಕ ಮಗನ ಹತ್ರ ಹೊಂಟಾಳ, ಮನಿ ಖಾಲಿ ಮಾಡಿ."

ಎದುರಿಗೇ ಇರುವವಳು ಊರು ಬಿಟ್ಟು ಹೋಗುತ್ತಾಳೆ ಎಂದು ನಾನು ಹೋಟೆಲಿನಲ್ಲಿ ಕೂತು ತಿಳಿಯಬೇಕಾಯಿತು.

"ನಾಳೆ ಎಷ್ಟಕ್ಕ ಬರ್ತಾಳ?"

"ಹನ್ನೊಂದಕ್ಕ. ಆಗ ನೀ ಸತ್ತಿರ್ತಿ. ಹನ್ನೊಂದೂವರಿಗಿ ಗಂಟಿ ಹೊಡೀತೇನಿ, ಆಮ್ಯಾಲ ಏಳಬೇಕು."

"ಅಲ್ಲೀತನಕ ಆಕಿನ್ನ ನಿಂದರಿಸು. ಒಂದ ಮಾತ ಹೇಳೂದ ಅದ."

"ಅಡಗಿಮನ್ಯಾಗ ಚಾ ಕೊಟ್ಟು ಕೂಡ್ರಸ್ತೇನಿ. ನೀ ಮಾತ್ರ ಗಂಟಿ ಹೊಡಿಯೂತನಕ ಅಳ್ಳಾಡಬ್ಯಾಡ, ನಿನ್ನ ಕೈ ಮುಗೀತೇನಿ."

ಅವತ್ತು ಚಹಾದ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು, ಕೆತ್ತನೆಯ ಕುರ್ಚಿಯಲ್ಲಿ ಕೂತು ನನ್ನ ಮೂರು ಮಾತು ಆಡಿದೆ. ಇನ್ನೊಂದು ನಾಲ್ಕು ಸೇರಿಸಿಯೂ ಆಡಿದೆ. ಆಸ್ತಿಗೆ ಕಾದು ಕೂತ ಅಣ್ಣನ ಮಗನಾಗಿ ನಟಿಸುತ್ತಿದ್ದವನಿಗೆ "ಮೊದಲ ಅಂಗಿ ಗುಂಡಿ ಹಚ್ಕೋ, ಆಮ್ಯಾಲ ಆಸ್ತಿ ಕೇಳು" ಎಂದಾಗ ಬಂದವರು ನಕ್ಕರು. ಮೊಮ್ಮಗಳು ಕಂಬದ ಹಿಂದೆ ಹಣೆ ಒತ್ತಿಕೊಂಡಳು.

ರವಿವಾರ ಹತ್ತಕ್ಕೆ ನನ್ನನ್ನು ನಡುಮನೆಯ ಜಮಖಾನದ ಮೇಲೆ ಅಂಗಾತ ಮಲಗಿಸಿದರು. ಎದೆಯವರೆಗೆ ಬಿಳಿ ಚಾದರ, ಕೈಯ ಹತ್ತಿರ ಬಿದ್ದ ಹಾಗೆ ಒಂದು ಬಿದರಿ ಹೂಜಿ. ಅಣ್ಣನ ಮಗ ಅದರಲ್ಲಿ ವಿಷ ಹಾಕಿದ್ದ, ಅದು ಉತ್ತರ. ಮಂದಿ ಪುಸ್ತಕ ಪೆನ್ನು ಹಿಡಿದು ಬಂದು ಸುತ್ತ ಕೂತರು. ಒಬ್ಬರು ನನ್ನ ಉಗುರು ನೋಡಿದರು, ಒಬ್ಬರು ಬಾಯಿ ಮೂಸಿದರು. ಒಬ್ಬ ಹುಡುಗಿ ನನ್ನ ಕೈ ಹಿಡಿದು, "ಎಷ್ಟು ಮೆತ್ತಗಿದೆ, ನಮ್ಮ ಅಜ್ಜಿಯ ಕೈ ಥರಾ," ಎಂದಳು. ಈಕೆಗೆ ಯಾರ ಮೇಲೆ ಪ್ರೀತಿ ಇತ್ತು, ಈಕೆಯ ಮೇಲೆ ಯಾರಿಗೆ ಸಿಟ್ಟಿತ್ತು ಎಂದು ಚರ್ಚೆ ಮಾಡಿದರು. ಏಳು ತಿಂಗಳಲ್ಲಿ ನನ್ನ ಸುತ್ತ ಅಷ್ಟು ಜನ ಕೂತದ್ದು ಅದೇ ಮೊದಲು. ಆ ಹುಡುಗಿ ಕೈ ಬಿಟ್ಟಾಗ ಇನ್ನೊಂದು ಸ್ವಲ್ಪ ಹಿಡಿದಿರಲಿ ಅನಿಸಿತು. ಮೂಗಿನ ಮೇಲೆ ಒಂದು ನೊಣ ಕೂತಿತ್ತು, ಅದನ್ನೂ ಓಡಿಸಲು ಮನಸ್ಸಾಗಲಿಲ್ಲ.

ಆಗ ಅಡುಗೆಮನೆ ಕಡೆಯಿಂದ ಎಡಗಾಲು ಎಳೆದು ನಡೆಯುವ ಎದುರುಮನೆಯಾಕೆಯ ಚಪ್ಪಲಿ ಸದ್ದು ಕೇಳಿತು. ಮೊಮ್ಮಗಳು ಅಡುಗೆಮನೆಗೆ ಹೋಗುವಷ್ಟರಲ್ಲಿ ಆಕೆ ಹೊತ್ತಿಗೆ ಮೊದಲೇ ಬಂದುಬಿಟ್ಟಿದ್ದಳು. ಬಾಗಿಲು ತೆರೆದಿತ್ತು. ರೊಟ್ಟಿಯ ಬುಟ್ಟಿ ದೊಪ್ಪೆಂದು ಬಿತ್ತು.

"ಯವ್ವಾ! ಅಕ್ಕಾ!"

ಮಂದಿಯನ್ನು ಎರಡೂ ಕೈಯಿಂದ ಸರಿಸುತ್ತ ಬಂದು ನನ್ನ ಎದೆಯ ಮೇಲೆ ಬಿದ್ದಳು. ಯಾರೋ ಆಕೆಯನ್ನು ಎತ್ತಲು ಬಂದರು, ಯಾರೋ "ಇರಲಿ, ಇದೂ ಆಟದಲ್ಲೇ ಇದೆ" ಎಂದರು. ಆಕೆಗೆ ಏನೂ ಕೇಳಿಸುತ್ತಿರಲಿಲ್ಲ. ಎದೆ ಬಡಿದುಕೊಂಡು ರಾಗ ಎತ್ತಿದಳು.

"ಹೋದೆ ಏನ ನನ್ನಕ್ಕಾ... ಹೇಳದೆ ಹೋದೆ ಏನ... ಹದಿನಾಕ ಮನಿ ಓಣ್ಯಾಗ ನನ್ನ ಒಬ್ಬಾಕಿನ್ನ ಬಿಟ್ಟು ಹೋದೆ ಏನ... ಬೆಕ್ಕಿಗಿ ಮಾತಾಡ್ದಿ ನನ್ನಕ್ಕಾ, ನನಗ ಮಾತಾಡ್ಲಿಲ್ಲ... ಕೊಡ ಸರಿಸಿದಾಕಿ ನೀನೇ ಅಂತ ನನಗ ಗೊತ್ತಿತ್ತ... ಕಿಡಕ್ಯಾಗಿಂದ ನೋಡೀನಿ ನಾ... ಆಟಾ ಮಾಡಿ ತಿರುಗಿ ಇಡ್ತಾಳ ನಮ್ಮಕ್ಕ ಅಂತ ಕುಂತಿದ್ದೆ... ನಾನೇ ಅಂತ ಒಂದ ಮಾತ ಅಂದಿದ್ದರ ನಕ್ಕ ಬಿಡ್ತಿದ್ದೆ..."

ಕಲಬುರಗಿಯಿಂದ ಬಂದ ಮಾಸ್ತರರೊಬ್ಬರು ಹೈದರಾಬಾದಿನವರಿಗೆ ಮೆಲ್ಲಗೆ ಉರ್ದುವಿನಲ್ಲಿ ತಿಳಿಸಿ ಹೇಳುತ್ತಿದ್ದರು. ಪೆನ್ನುಗಳು ಸರಸರ ಓಡುವುದು ನನಗೆ ಕೇಳುತ್ತಿತ್ತು.

"ನಾ ಏನ ಕಡಿಮಿ ನನ್ನಕ್ಕಾ... ನಿನ್ನ ಬೀಸುಕಲ್ಲಿನ ಗೂಟ ನಾನೇ ಕದ್ದೀನಿ... ಕೇಳ್ಲಾಕ ಬರ್ತಿ ಅಂತ ಕದ್ದೀನಿ... ಟ್ರಂಕಿನ್ಯಾಗ ಇಟ್ಟ ಹಾದಿ ಕಾದೀನಿ... ನೀ ಕೇಳ್ಲಾಕೂ ಬರ್ಲಿಲ್ಲ..."

ನನ್ನ ಮುಚ್ಚಿದ ಕಣ್ಣಿನೊಳಗೆ ಸುಡತೊಡಗಿತು. ಇಲಿಯ ಮೇಲೆ ಎಷ್ಟು ದಿನ ಸಿಟ್ಟು ಮಾಡಿದ್ದೆ!

ಆಕೆ ಮೂಗು ಸೀಟಿ, ಚಾದರದ ತುದಿ ಎತ್ತಿ, "ಕಾಲ ಸೈತ ಕಟ್ಟಿಲ್ಲಲ್ಲೋ, ಎಂಥಾ ಮಂದಿ ನೀವು," ಎಂದು ಎಲ್ಲರನ್ನೂ ಬೈದಳು. ಸೆರಗಿನ ಅಂಚು ಚರ್ರನೆ ಹರಿದು ನನ್ನ ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಿದಳು, ಹೆಣಕ್ಕೆ ಕಟ್ಟುವ ಹಾಗೆ. ನನಗೆ ಅಂಗಾಲಿಗೆ ಕಚಗುಳಿ ಜಾಸ್ತಿ. ಹಲ್ಲು ಕಚ್ಚಿ ಹಿಡಿದೆ. ಆಮೇಲೆ ಆಕೆ ಮೇಜಿನ ಮೇಲಿದ್ದ ಯಾರದೋ ಲೋಟ ತೆಗೆದುಕೊಂಡಳು. ಸತ್ತವರ ಬಾಯಿಗೆ ನೀರು ಬಿಡುವುದೊಂದು ಉಳಿದಿತ್ತು.

"ಕುಡಿ ನನ್ನಕ್ಕಾ... ನೀರಿಗಾಗಿ ಮಾತ ಬಿಟ್ಟೆವು... ಕಡಿ ನೀರ ನನ್ನ ಕೈಲೇ ಕುಡಿ..."

ತುಟಿಯ ಮೇಲೆ ತಣ್ಣಗೆ ನೀರು ಬಿತ್ತು, ಬಾಯೊಳಗೆ ಇಳಿಯಿತು. ಬರಗಾಲದಲ್ಲಿ ನೀರನ್ನು ಹೊರಗೆ ಬಿಡುವುದು ನನ್ನ ಗಂಟಲಿಗೆ ಗೊತ್ತಿರಲಿಲ್ಲ. ನುಂಗಿಬಿಟ್ಟೆ.

ರಾಗ ನಿಂತಿತು.

ಆಕೆಯ ಬೆರಳು ಚಾದರದೊಳಗೆ ಬಂದು ನನ್ನ ಮಣಿಕಟ್ಟು ಹಿಡಿಯಿತು. ನಾಡಿ ಹೊಡೆಯುತ್ತಿತ್ತು, ಆಕೆಯದೂ ಹೊಡೆಯುತ್ತಿತ್ತು. ಈಗ ಎದ್ದು ಚೀರುತ್ತಾಳೆ, ಆಟ ಮುಗಿಯಿತು, ಮೊಮ್ಮಗಳು ಪುಣೆ ಗಾಡಿ ಹತ್ತಿದಳು ಎಂದುಕೊಂಡೆ. ರೆಪ್ಪೆಯ ಸಂದಿಯಲ್ಲಿ ನೋಡಿದರೆ ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ಜೋಡಿಸಿ ನಿಂತಿದ್ದಳು. ಎದುರುಮನೆಯಾಕೆಯೂ ಅವಳನ್ನು ನೋಡಿದಳು. ಕೂತ ಮಂದಿಯನ್ನು ನೋಡಿದಳು, ನನ್ನ ರೇಷ್ಮೆ ಸೀರೆ ನೋಡಿದಳು. ದೀರ್ಘವಾಗಿ ಉಸಿರು ತೆಗೆದು ಮತ್ತೆ ಶುರು ಮಾಡಿದಳು. ರಾಗ ಅದೇ, ಅಳು ಮಾತ್ರ ಅದರಲ್ಲಿ ಇರಲಿಲ್ಲ.

"ಕಳ್ಳಿ ಇದ್ದಿ ನನ್ನಕ್ಕಾ, ಸತ್ತರೂ ಕಳ್ಳೀನೇ... ನೀರ ಕೊಟ್ಟರ ನುಂಗ್ತಿ, ಮಾತ ಕೇಳಿದರ ನುಂಗ್ತಿ... ಮಂಗಳವಾರ ಹೊಂಟೇನಿ ನಾ, ಇನ್ನ ಯಾರ ಕೊಡ ಸರಿಸ್ತಿ... ಗೂಟ ಕೊಡೂದಿಲ್ಲ, ಪುಣೆಕ್ಕ ಒಯ್ತೇನಿ... ಒಬ್ಬಾಕಿ ಹೊಟ್ಟಿಗಿ ಏನ ಬೀಸ್ತಿ... ಇನ್ನೊಮ್ಮೆ ಸತ್ತರ ನಾ ಬರೂದಿಲ್ಲ ನನ್ನಕ್ಕಾ... ನಿನ್ನ ಪಾಲಿಂದು ಇವತ್ತ ಅತ್ತ ಮುಗಿಸೀನಿ..."

"ನಾನೇ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ತುಟಿ ಅಲುಗಿಸಿದರೆ ಸಾಕಿತ್ತು. ನಾನು ಸತ್ತೇ ಇದ್ದೆ. ಚಾದರದೊಳಗೆ ಆಕೆಯ ಬೆರಳನ್ನು ಒತ್ತಿ ಹಿಡಿದೆ, ಅಷ್ಟೇ. ಆಕೆ ನನ್ನ ಮುಂಗೈ ಕಂದುವ ಹಾಗೆ ಚಿವುಟಿ, ಎದ್ದು, ಬುಟ್ಟಿ ಎತ್ತಿಕೊಂಡು ಹೋದಳು.

ಗಂಟೆ ಬಾರಿಸಿದ ಕೂಡಲೇ ನಾನು ಅಡುಗೆಮನೆಗೆ ಓಡಲೆಂದು ಜಿಗಿದೆದ್ದೆ. ಹೆಬ್ಬೆರಳು ಕಟ್ಟಿದ್ದು ಮರೆತೇಹೋಗಿತ್ತು. ಬೊಕ್ಕಬೋರಲು ಬಿದ್ದೆ. ಮಂದಿ ಚಪ್ಪಾಳೆ ಹೊಡೆದರು. ಔರಾದಿನ ಗಂಟು, ಬಿಚ್ಚಲು ಬರಲಿಲ್ಲ, ಕುಪ್ಪಳಿಸುತ್ತ ಹೋದೆ. ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೆನೆಗಟ್ಟಿದ ಚಹಾ ಹಾಗೇ ಇತ್ತು. "ಕುಡೀರಿ ಅಂದೆ, ಕುಡಿಲಿಲ್ಲರಿ. ಹಿಂದಿನ ಬಾಗಿಲಿಂದ ಹೋದ್ರು," ಎಂದ ಅಡುಗೆಯವ.

ಮಾಸ್ತರರ ಗುಂಪು ಬರೆದುಕೊಟ್ಟ ಉತ್ತರ: ಕೊಂದವಳು ರೊಟ್ಟಿಯವಳು, ಆಯುಧ ಬೀಸುಕಲ್ಲಿನ ಗೂಟ, ಕಾರಣ ನೀರಿನ ಕೊಡ. ಅಣ್ಣನ ಮಗನನ್ನು ಒಬ್ಬರೂ ಹಿಡಿಯಲಿಲ್ಲ; ಆತ ಬೇಸರದಿಂದ ಮೀಸೆ ಕಿತ್ತಿಟ್ಟ. ಮಾಲೀಕರಿಗೆ ಖುಷಿಯೋ ಖುಷಿ. ಮೊಮ್ಮಗಳ ಕೆಲಸ ಪಕ್ಕಾ ಆಯಿತು. "ಆ ಅಳೂ ಅವ್ವನ್ನ ವಾರಾ ವಾರಾ ಕರಸ್ರಿ," ಎಂದರು. ಎಲ್ಲಿಂದ ಕರೆಸುವುದು?

ಸೋಮವಾರ ನಾಲ್ಕು ಸಲ ಆಕೆಯ ಬಾಗಿಲಿಗೆ ಹೋದೆ. ಬೀಗ. ಮಗಳಿಗೆ ಹೇಳಿ ಬರಲು ಕಮಠಾಣಕ್ಕೆ ಹೋಗಿದ್ದಳು. ಮಂಗಳವಾರ ಬೆಳಿಗ್ಗೆ ಆಟೋ ಸದ್ದು ಕೇಳಿ ಹೊರಗೆ ಬಂದೆ. ಟ್ರಂಕು, ಹಾಸಿಗೆ, ಹಿಟ್ಟಿನ ಡಬ್ಬಿ ಎಲ್ಲ ಏರಿಸಿ ಆಕೆ ಕೂತಾಗಿತ್ತು. ಕಾಲ ಬಳಿ ಆ ಕೊಡ.

ಓಣಿಯ ನಡುವೆ ನಿಂತು ಹೇಳಿದೆ, "ನಾನೇ ಸರಿಸಿದ್ದೆ. ಕೊಡ."

ಆಕೆ ನನ್ನ ಕಡೆ ನೋಡಲಿಲ್ಲ. ಆಟೋದವನಿಗೆ ಹೇಳಿದಳು, "ಕೇಳ್ದಿ ಏನ ತಮ್ಮಾ, ಸತ್ತಾಕಿ ಮಾತಾಡ್ಲತ್ತಾಳ." ಆಟೋದವ ಬೆದರಿ ನನ್ನನ್ನು ನೋಡಿದ. "ಈ ಕೊಡ ಒಂದ ಆಟೋದಾಗ ಹಿಡಸವಲ್ದು, ಆ ಸತ್ತಾಕಿ ಮನಿ ಕಟ್ಟಿ ಮ್ಯಾಲ ಇಟ್ಟ ಬಾ. ಗೂಟ ಬೇಕಂದ್ರ ಪುಣೆಕ್ಕ ಬಾ ಅಂತ ಹೇಳು."

ಆತ ಕೊಡ ಇಟ್ಟು ಓಡಿದ. ಆಟೋ ಹೋಯಿತು.

ಪುಣೆಗೆ ಹೋಗುವುದು ನನ್ನಿಂದ ಆಗಲಿಲ್ಲ. ಮರುವರ್ಷ ಮಳೆ ಬಂತು, ಓಣಿಯ ಐದಾರು ಬೀಗ ತೆರೆದವು, ಆಕೆಯದು ತೆರೆಯಲಿಲ್ಲ. ಬೀಸುಕಲ್ಲಿಗೆ ಬೇರೆ ಗೂಟ ಹಾಕಿಸು ಎಂದು ಮಗಳು ಹೇಳುತ್ತಲೇ ಇರುತ್ತಾಳೆ. ಹಾಕಿಸಿಲ್ಲ.

ಆಕೆ ಹೋದ ಮೇಲೆ ಮೊದಲ ಸಲ ಟ್ಯಾಂಕರ್ ಬಂದದ್ದು ಅದೇ ವಾರದ ಶುಕ್ರವಾರ. ಮೂರು ದಿನದಿಂದ ಎದುರಿನ ಕೆಮ್ಮು ಕೇಳದೆ ನನಗೆ ಕಿವಿ ಕೆಟ್ಟಿದೆಯೇನೋ ಅನಿಸಿತ್ತು. ಬೆಳಗಾಗುತ್ತಲೇ ಎರಡು ಕೊಡ ಹಿಡಿದು ಹೋಗಿ ಸಾಲಿನಲ್ಲಿ ಇಟ್ಟೆ. ಮುಂದೆ ಆಕೆಯದು, ಹಿಂದೆ ನನ್ನದು. ಒಳಗೆ ಹೋಗಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕಾಯುತ್ತ ಕೂತೆ. ಟ್ಯಾಂಕರಿನವ ಪೈಪು ಹಿಡಿದು ಬಂದು ನಿಂತ.

"ಇದು ಎದುರುಮನಿ ಅವ್ವಂದಲ್ಲೇನ್ರಿ? ಅವರು ಊರ ಬಿಟ್ಟಾರಂತಲ್ಲ?"

"ಬಿಟ್ಟಾರ."

"ಮತ್ತ ಇದನ್ನ ಸರಿಸಲೇನ್ರಿ?"

"ಮುಟ್ಟಬ್ಯಾಡ," ಎಂದೆ. "ಮೊದಲ ಅದನ್ನ ತುಂಬು."